ಸೈಕ್ಲಿಕ್ ಎಎಂಪಿ ಎಲೈಸಾ ಕಿಟ್: ಬಳ್ಳಾರಿಯ ಲ್ಯಾಬಿಗೆ ಒಗ್ಗುತ್ತದೆಯೇ?

ಎಳೆ ಇಲಿಮರಿಗಳ ಹೃದಯದ ಬೀಟಾ ರಿಸೆಪ್ಟರ್‌ಗಳನ್ನು (ಅಡ್ರಿನಲಿನ್‌ನಂಥ ಸಂಕೇತ ಹಿಡಿಯುವ ಪ್ರೋಟೀನ್‌ಗಳನ್ನು) ಅಭ್ಯಾಸ ಮಾಡುವವರಿಗೆ 96 ಗುಳಿಗಳ ಈ ಕಿಟ್ ಒಳ್ಳೆಯದು. ಆ ರಿಸೆಪ್ಟರ್ ಚುರುಕಾದಾಗ ಕೋಶದೊಳಗೆ ಹುಟ್ಟುವ ಸಂಕೇತವಾಹಕ ಅಣು ಸೈಕ್ಲಿಕ್ ಎಎಂಪಿಯನ್ನು ಪ್ರತಿಕಾಯದ ನೆರವಿನಿಂದ, ಬಣ್ಣ ನೋಡಿ ಅಳೆಯುವುದು ಇದರ ಕೆಲಸ. ವಿಕಿರಣಶೀಲ ಪದಾರ್ಥದ ಗೊಡವೆಯಿಲ್ಲ, ಪ್ಲೇಟ್ ರೀಡರ್ ಇದ್ದರೆ ಸಾಕು. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಗೆ ತರಿಸಬೇಡಿ. ಪಾರ್ಸೆಲ್ ಮಧ್ಯಾಹ್ನದವರೆಗೆ ಗೋದಾಮಿನಲ್ಲೇ ಬಿದ್ದಿದ್ದರೆ ಐಸ್‌ಪ್ಯಾಕ್ ಕರಗಿ ಬಣ್ಣ ಬರಿಸುವ ಕಿಣ್ವದ ಸತ್ವ ಹೋಗುತ್ತದೆ. ಸೈಕ್ಲಿಕ್ ಎಎಂಪಿ ಹಾಕದ ಗುಳಿಯೇ ಪೇಲವವಾಗಿದ್ದರೆ ಆ ಪ್ಲೇಟನ್ನು ಕೈಬಿಡಿ.

ಇದು ಸ್ಪರ್ಧಾತ್ಮಕ ಎಲೈಸಾ: ಮಾದರಿಯ ಸೈಕ್ಲಿಕ್ ಎಎಂಪಿ, ಕಿಣ್ವ ಅಂಟಿಸಿದ ಕಿಟ್‌ನ ಸೈಕ್ಲಿಕ್ ಎಎಂಪಿಯೊಡನೆ ಪ್ರತಿಕಾಯಕ್ಕಾಗಿ ಪೈಪೋಟಿ ನಡೆಸುತ್ತದೆ, ಹಾಗಾಗಿ ಮಾದರಿಯಲ್ಲಿ ಅದು ಹೆಚ್ಚಿದಷ್ಟೂ ಹಳದಿ ಬಣ್ಣ ಕಡಿಮೆ. ಹೊಸಬರು ಎಡವುವುದೇ ಇಲ್ಲಿ. ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ದ್ರಾವಣ), ಬ್ಲ್ಯಾಂಕ್‌ (ಹೋಲಿಕೆಯ ಖಾಲಿ ಗುಳಿ) ಇವನ್ನು ಜೋಡಿಯಾಗಿ ಹಾಕಿದರೆ 18 ಗುಳಿ ಖರ್ಚು. ಉಳಿದ 78ರಲ್ಲಿ 39 ಮಾದರಿ ಹಿಡಿಯುತ್ತವೆ. ಕೋಣೆ 25 ಡಿಗ್ರಿ ಮೀರಿದರೆ ಅಂಚಿನ ಗುಳಿಗಳು ಬೇಗ ಬಣ್ಣ ತಿರುಗುತ್ತವೆ, ಹಾಗಾಗಿ ಎಸಿ ಬೇಕೇ ಬೇಕು. ಕರೆಂಟ್ ಹೋದರೂ ನಿಲ್ಲದಂತೆ ಶೇಕರ್‌ಗೆ ಯುಪಿಎಸ್ ಕೊಡಿ.

ಅಂಗಾಂಶಕ್ಕೆ ಮೊದಲು, ಸೈಕ್ಲಿಕ್ ಎಎಂಪಿ ಒಡೆಯುವ ಕಿಣ್ವವನ್ನು ತಡೆಯುವ ಐಬಿಎಂಎಕ್ಸ್ ಹಾಕಿ. ಇಲ್ಲದಿದ್ದರೆ ಹುಟ್ಟಿದ ಸೈಕ್ಲಿಕ್ ಎಎಂಪಿ ಅಲ್ಲೇ ಒಡೆದುಹೋಗುತ್ತದೆ. ಬೀಟಾ ರಿಸೆಪ್ಟರ್ ಎಬ್ಬಿಸುವ ಐಸೊಪ್ರೊಟೆರೆನಾಲ್ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದು ಉತ್ಕರ್ಷಣಗೊಂಡಿದೆ ಎಂದೇ ಅರ್ಥ. ಆಸ್ಕಾರ್ಬಿಕ್ ಆಮ್ಲ ಸೇರಿಸಿ ಆಗಿಂದಾಗ್ಗೆ ಹೊಸದಾಗಿ ಮಾಡಿಕೊಳ್ಳಿ. ಕ್ರಿಯೆ ನಿಲ್ಲಿಸಲು 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ. ಮರಿಗಳಲ್ಲಿ ಮೂಲಮಟ್ಟ ತೀರಾ ಕಡಿಮೆಯಿದ್ದರೆ ಅಸಿಟೈಲೇಷನ್ (ಅಸಿಟೈಲ್ ಗುಂಪು ಅಂಟಿಸಿ ಪರೀಕ್ಷೆಯನ್ನು ಸೂಕ್ಷ್ಮವಾಗಿಸುವುದು) ಮಾಡಿ, ಸ್ಟ್ಯಾಂಡರ್ಡ್‌ಗಳಿಗೂ ಮರೆಯದೆ ಮಾಡಿ.

ಕಿಟ್‌ನ ನಿಜವಾದ ಬೆಲೆ ತಿಳಿಯುವುದು ಫೋರ್ಸ್ಕೋಲಿನ್ ಎಂಬ ರಾಸಾಯನಿಕವನ್ನು ಜೊತೆಗಿಟ್ಟಾಗ. ಬೆಳೆದ ಇಲಿಗೆ ಬೀಟಾ ಉತ್ತೇಜಕವನ್ನು ದಿನವೂ ಕೊಟ್ಟರೆ ರಿಸೆಪ್ಟರ್‌ಗೆ ಫಾಸ್ಫೇಟ್ ಅಂಟಿ, ಅರೆಸ್ಟಿನ್ ಎಂಬ ಪ್ರೋಟೀನ್ ಅಡ್ಡ ಬಂದು, ರಿಸೆಪ್ಟರ್ ಕೋಶದೊಳಕ್ಕೆ ಸರಿಯುತ್ತದೆ. ಆಗ ಐಸೊಪ್ರೊಟೆರೆನಾಲ್‌ಗೆ ಸ್ಪಂದನೆ ಕುಸಿದರೂ, ಸೈಕ್ಲಿಕ್ ಎಎಂಪಿ ತಯಾರಿಸುವ ಸೈಕ್ಲೇಸ್ ಕಿಣ್ವವನ್ನು ನೇರವಾಗಿ ಎಬ್ಬಿಸುವ ಫೋರ್ಸ್ಕೋಲಿನ್‌ಗೆ ಅಷ್ಟಾಗಿ ಕುಸಿಯದು. ಹುಟ್ಟಿ 2ರಿಂದ 5ನೇ ದಿನದವರೆಗೆ ಟರ್ಬ್ಯುಟಲಿನ್ ಎಂಬ ಬೀಟಾ ಉತ್ತೇಜಕ ಪಡೆದ ಮರಿಗಳ ಕಥೆಯೇ ಬೇರೆ: ಹೃದಯದ ಸ್ಪಂದನೆ ಇಳಿಯುವುದಿಲ್ಲ, ಏರಲೂಬಹುದು. ಕಾರಣ ರಿಸೆಪ್ಟರ್‌ನಿಂದ ಆಚೆಗಿದೆ: ಸೈಕ್ಲೇಸ್ ಚಟುವಟಿಕೆ ಹೆಚ್ಚುತ್ತದೆ, ಸೈಕ್ಲೇಸನ್ನು ತಡೆಯುವ ಜಿಐ ಪ್ರೋಟೀನ್‌ನ ಹಿಡಿತ ಸಡಿಲುತ್ತದೆ. ಫೋರ್ಸ್ಕೋಲಿನ್ ಗುಳಿ ಬಿಟ್ಟರೆ ಈ ಏರಿಕೆ ರಿಸೆಪ್ಟರ್‌ನದೋ ಕಿಣ್ವದ್ದೋ ಹೇಳಲಾಗದು. ಕಿಟ್‌ನಲ್ಲಿ ಅದು ಬರುವುದಿಲ್ಲ, ಬೇರೆ ಕೊಳ್ಳಬೇಕು. ಇದೊಂದು ದೊಡ್ಡ ಕೊರತೆ.

ಒಂದು ಮರಿಯ ಹೃದಯ ಇಷ್ಟೆಲ್ಲ ಗುಳಿಗಳಿಗೆ ಸಾಲದು, ಒಟ್ಟುಗೂಡಿಸಬೇಕಾಗುತ್ತದೆ. ಒಂದೇ ಸೂಲಿನ ಆರು ಮರಿಗಳನ್ನು ಆರು ಮಾದರಿ ಎಂದು ಎಣಿಸಬೇಡಿ, ಸೂಲಿಗೆ ಒಂದೇ ಲೆಕ್ಕ. ಪ್ರಾಣಿ ನೈತಿಕ ಸಮಿತಿಯ ಅನುಮತಿ ಕೈಗೆ ಬಂದ ಮೇಲೆ ಕಿಟ್ ಆರ್ಡರ್ ಮಾಡಿ. ಅವಧಿ ಮುಗಿಯುವ ದಿನ ಯಾರಿಗೂ ಕಾಯುವುದಿಲ್ಲ.