ಕಾರ್ಬನ್ ಫೈಬರ್ ದೋಟಿ: ಕೊಳ್ಳುವವರ ಲೆಕ್ಕ, ಎತ್ತುವವರ ಲೆಕ್ಕ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಳೆಗಾಲ ಹತ್ತಿರ ಬಂತೆಂದರೆ ಮೊದಲು ಕೇಳುತ್ತಿದ್ದದ್ದು "ಕೊನೆಗಾರ ಸಿಕ್ಕಿದ್ನಾ?" ಅಂತ. ಈಗ "ದೋಟಿಯವರು ಸಿಕ್ಕಿದ್ರಾ?" ಅಂತ ಕೇಳುತ್ತಾರೆ. ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ, ಕೊನೆ (ಅಡಿಕೆ ಗೊಂಚಲು) ಇಳಿಸುವ ಕೆಲಸಕ್ಕೆ ನೆಲದ ಮೇಲೇ ನಿಂತು ಮಾಡುವ ದಾರಿ ಸಿಕ್ಕಿದೆ. ಉಪಕರಣವಾಗಿ ಕಾರ್ಬನ್ ಫೈಬರ್ ದೋಟಿ ಒಳ್ಳೆಯದೇ. ಆದರೆ ಅದರ ಲಾಭ ಯಾರ ಮನೆ ಸೇರುತ್ತದೆ ಎಂಬುದನ್ನು ಬಿಟ್ಟು ಅದರ ವಿಮರ್ಶೆ ಮಾಡಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಹಾಗಾಗಿ ಕೊಳ್ಳುವವರಿಗೆ ಬೇಕಾದ ವಿವರ ಮೊದಲು, ಎತ್ತುವವರ ವಿಚಾರ ಅದರ ಹಿಂದೆಯೇ.

ದೋಟಿ ಎಂದರೆ ಒಂದರೊಳಗೊಂದು ತೂರಿಕೊಳ್ಳುವ ಕೊಳವೆಗಳು, ಪ್ರತಿ ಕೊಳವೆಯ ಬಾಯಿಗೆ ಒಂದು ಕ್ಲಾಂಪ್, ತುದಿಗೆ ಕತ್ತಿ ಅಥವಾ ನಾಜಲ್. ಬಿದಿರಿನ ದೋಟಿ ಉದ್ದವಾದಷ್ಟೂ ಬಳುಕುತ್ತದೆ, ಅಲ್ಯೂಮಿನಿಯಂ ಆದರೆ ಭಾರ. ಕಾರ್ಬನ್ ಫೈಬರಿನಲ್ಲಿ ಹಗುರವೂ ಇದೆ, ಬಿಗಿಯೂ ಇದೆ. ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದು: ಪೂರ್ತಿ ಕಾರ್ಬನ್ನೋ, ಗ್ಲಾಸ್ ಫೈಬರ್ ಸೇರಿದ್ದೋ? ನೋಡಲು ಎರಡೂ ಕಪ್ಪು. ಗ್ಲಾಸ್ ಫೈಬರ್ ಹೆಚ್ಚಿದ್ದರೆ ಬೆಲೆ ಕಡಿಮೆ, ತೂಕ ಜಾಸ್ತಿ, ತುದಿಯ ಓಲಾಟವೂ ಜಾಸ್ತಿ. ಬಿಲ್ಲಿನಲ್ಲಿ ಯಾವ ವಸ್ತು, ಎಷ್ಟು ಉದ್ದ, ಎಷ್ಟು ತೂಕ ಎಂದು ಬರೆಸಿಕೊಳ್ಳಿ. ಪೂರ್ತಿ ಬಿಡಿಸಿ ನೇರ ನಿಲ್ಲಿಸಿ ಕೆಳಕ್ಕೆ ಒತ್ತಿ ನೋಡಿ. ಹೊಸದರಲ್ಲೇ ಯಾವುದಾದರೂ ಕೊಳವೆ ಜಾರಿದರೆ ಆ ಕ್ಲಾಂಪ್ ಮಳೆಯಲ್ಲಿ ನಿಲ್ಲುವುದಿಲ್ಲ.

ಉದ್ದದ ವಿಷಯದಲ್ಲಿ ಹೆಚ್ಚಿನವರು ದುಡ್ಡು ಕಳೆದುಕೊಳ್ಳುತ್ತಾರೆ. ಮರ 60 ಅಡಿ ಇದೆ ಎಂದು 70 ಅಡಿಯ ದೋಟಿ ತರುವುದು ಬೇಡ. ಕೊನೆ ಇರುವುದು ಸೋಗೆಯ ಕೆಳಗೆ, ಮರದ ತುದಿಯಲ್ಲಲ್ಲ. ಹಿಡಿದವರ ಕೈ ನೆಲದಿಂದ ನಾಲ್ಕೈದು ಅಡಿ ಮೇಲಿರುತ್ತದೆ. ಔಷಧಿಯಂತೂ ನಾಜಲ್‌ನಿಂದ ಇನ್ನೂ ಮೇಲಕ್ಕೆ ಚಿಮ್ಮುತ್ತದೆ. ತೋಟದ ಅತಿ ಎತ್ತರದ ಮರದಲ್ಲಿ ಕೊನೆ ಎಷ್ಟು ಎತ್ತರದಲ್ಲಿದೆ ಎಂದು ಅಳೆದು, ಅಷ್ಟೇ ಉದ್ದದ್ದು ಕೊಂಡರೆ ಸಾಕು. ಪ್ರತಿ ಹೆಚ್ಚಿನ ಅಡಿಯೂ ಎತ್ತುವವರ ಭುಜದ ಮೇಲೆ ಬೀಳುತ್ತದೆ.

ಏರಿಸುವಾಗ ತುದಿಯ ಸಪೂರ ಕೊಳವೆ ಮೊದಲು, ಆಮೇಲೆ ಒಂದೊಂದಾಗಿ ಕೆಳಗಿನವು. ಇಳಿಸುವಾಗ ಕೈಯ ಹತ್ತಿರದ ದಪ್ಪ ಕೊಳವೆಯಿಂದ ಶುರು. ಕೊಳವೆಯ ಮೇಲೆ ಗುರುತು ಇರುತ್ತದೆ, ಅದನ್ನು ದಾಟಿ ಎಳೆಯಬಾರದು. ಒಳಗೆ ಉಳಿದ ಭಾಗ ಕಡಿಮೆಯಾದಷ್ಟೂ ಭಾರವೆಲ್ಲ ಬಾಯಂಚಿಗೆ ಬೀಳುತ್ತದೆ, ಒಡಕು ಹುಟ್ಟುವುದು ಅಲ್ಲೇ. ಒಮ್ಮೆ ಸೀಳಿದ ಕೊಳವೆಗೆ ಬೆಸುಗೆ ಎಂಬುದಿಲ್ಲ. ಮೇಲೊಂದು ತೋಳಿನಂಥ ಹೊದಿಕೆ ಹಾಕಿ ಅಂಟಿಸಬಹುದು, ಮೊದಲಿನ ಗಟ್ಟಿ ಬರುವುದಿಲ್ಲ. ಬಿಡಿ ಕೊಳವೆ, ಬಿಡಿ ಕ್ಲಾಂಪ್ ಶಿವಮೊಗ್ಗದಲ್ಲೋ ನಿಮ್ಮ ತಾಲ್ಲೂಕಿನಲ್ಲೋ ಸಿಗುವಂಥ ದೋಟಿಯನ್ನೇ ಆರಿಸಿ. ಕೊಯ್ಲಿನ ನಡುವೆ ಹದಿನೈದು ದಿನ ಬಿಡಿಭಾಗಕ್ಕೆ ಕಾದರೆ ತೋಟದವರ ಅಡಿಕೆ ಹಣ್ಣಾಗುತ್ತದೆ, ದೋಟಿಯವರ ಕೂಲಿ ಹೋಗುತ್ತದೆ.

ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ದೋಟಿಯ ಮುಖ್ಯ ಕೆಲಸ. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 200 ಲೀಟರಿನ ಡ್ರಮ್ಮಿಗೆ ಎರಡೆರಡು ಕೆ.ಜಿ. ಎರಡನ್ನೂ ಬೇರೆ ಬೇರೆ ಅರ್ಧರ್ಧ ನೀರಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಾಮುರುಗ ಮಾಡಬಾರದು. ಪಾತ್ರೆ ಪ್ಲಾಸ್ಟಿಕ್ಕಿನದಿರಲಿ, ಕಬ್ಬಿಣದ್ದು ಬೇಡ. ಉಜ್ಜಿದ ಕಬ್ಬಿಣದ ಕತ್ತಿ ಅದ್ದಿದಾಗ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಸುಣ್ಣವನ್ನು ಬಟ್ಟೆಯಲ್ಲಿ ಸೋಸದೆ ಹಾಕಿದರೆ ನಾಜಲ್ ಕಟ್ಟಿಕೊಳ್ಳುತ್ತದೆ. ಹತ್ತಿದವನಿಗಾದರೆ ಅದು ಕೈಯಳತೆಯಲ್ಲಿ ಇರುತ್ತಿತ್ತು. ದೋಟಿಯಲ್ಲಿ ಪ್ರತಿ ಸಲ ಪೂರ್ತಿ ಇಳಿಸಿ, ಬಿಚ್ಚಿ, ಮತ್ತೆ ಏರಿಸಬೇಕು. ದಿನದ ಕೆಲಸ ಹಾಳಾಗುವುದು ಹೆಚ್ಚಾಗಿ ಇದರಿಂದಲೇ, ಡ್ರಮ್ಮಿನ ಲೆಕ್ಕದಲ್ಲಿ ಕೂಲಿ ಇದ್ದರೆ ಆ ನಷ್ಟ ಹೊರುವವರು ದೋಟಿಯವರು. ಸೋಸಿ ಕೊಡುವುದು ಔಷಧಿ ಕಲಸುವವರ ಜವಾಬ್ದಾರಿ ಎಂದು ಮೊದಲೇ ಮಾತಾಗಲಿ. ಕಲಸಿದ್ದು ಅಂದೇ ಮುಗಿಯಬೇಕು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ. ಮಳೆ ಬಿಡದಿದ್ದರೆ ಮೂರನೆಯದೂ ಬೇಕಾಗುತ್ತದೆ.

ಬರೀ ದೋಟಿಯ ತೂಕ ನೋಡಿ ಮೋಸ ಹೋಗಬೇಡಿ. ಒಳವ್ಯಾಸ 8.5 ಮಿ.ಮೀ. ಇರುವ ಪೈಪು 60 ಅಡಿ ಮೇಲೇರಿದರೆ ಅದರೊಳಗಿನ ದ್ರಾವಣವೇ ಸುಮಾರು ಒಂದು ಲೀಟರ್, ಅಂದರೆ ಒಂದು ಕೆ.ಜಿ. ಪೈಪಿನ ತೂಕ ಬೇರೆ, ನಾಜಲ್ ಬೇರೆ. ಇದೆಲ್ಲ ನೆತ್ತಿಯ ಮೇಲೆ ಓಲಾಡುವ ಭಾರ. ಕತ್ತು ಮೇಲೆತ್ತಿಕೊಂಡು ಇಡೀ ದಿನ ನಿಂತರೆ ಕುತ್ತಿಗೆ, ಭುಜ, ಸೊಂಟ ಹಿಡಿಯುತ್ತವೆ. ಮೇಲಿಂದ ಬೋರ್ಡೋ ಹನಿ ಕಣ್ಣಿಗೇ ಬೀಳುತ್ತದೆ. ಕನ್ನಡಕ, ಅಗಲ ಅಂಚಿನ ಟೋಪಿ, ಕೈಗವಸು ಇಲ್ಲದೆ ಯಾರನ್ನೂ ಕೆಲಸಕ್ಕೆ ಇಳಿಸಬಾರದು, ಅದನ್ನು ಕೊಡಬೇಕಾದವರು ತೋಟದವರು. ಮೇಲೆ ನೋಡುತ್ತಲೇ ನಡೆಯುವವರಿಗೆ ಕಾಲಡಿಯ ಬಸಿಗಾಲುವೆ ಕಾಣುವುದಿಲ್ಲ. ಮರ ಬದಲಿಸುವಾಗ ದೋಟಿಯನ್ನು ಎರಡು ಕೊಳವೆಯಷ್ಟಾದರೂ ತಗ್ಗಿಸಬೇಕು, ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕು. "ಮರ ಹತ್ತೋದಿಲ್ವಲ್ಲ, ಕೂಲಿ ಯಾಕಿಷ್ಟು?" ಎಂದು ಕೇಳುವವರು ಒಂದು ಗಂಟೆ ದೋಟಿ ಹಿಡಿದು ನೋಡಲಿ.

ಕೊನೆ ತೆಗೆಯಲೂ ದೋಟಿ ಆಗುತ್ತದೆ, ಆದರೆ ಮಿತಿಗಳಿವೆ. ಹತ್ತಿದ ಕೊನೆಗಾರ, ಸಾಗರದಿಂದಾಚೆ ಕೊನೆಗೌಡ ಎನ್ನುತ್ತಾರೆ, ಒಂದು ಮರ ಹತ್ತಿ ಮೇಲಿಂದಲೇ ಪಕ್ಕದ ಮರಕ್ಕೆ ದಾಟಿಕೊಳ್ಳುತ್ತಾನೆ, ಕೈಯಲ್ಲಿ ಮುಟ್ಟಿ ಬೆಳವಣಿಗೆ ನೋಡುತ್ತಾನೆ, ಹಗ್ಗದ ಮೇಲೆ ಕೊನೆ ಜಾರಿಸಿ ಒಂದು ಕಾಯಿಯೂ ಉದುರದಂತೆ ಇಳಿಸುತ್ತಾನೆ. ದೋಟಿಯಲ್ಲಿ ಕೊಯ್ದ ಕೊನೆಯನ್ನು ಕೆಳಗೆ ಬಲೆಯಲ್ಲಿ ಹಿಡಿಯಬೇಕು, ಬಲೆಗೆ ಇಬ್ಬರು ಬೇಕು. ಕೆಂಪಡಿಕೆ ಮಾಡುವವರಿಗೆ ಎಳತು, ಬಲಿತದ್ದರ ವ್ಯತ್ಯಾಸವೇ ದುಡ್ಡು; ನೆಲದಿಂದ ಅದನ್ನು ಗುರುತಿಸಲು ಪಳಗಿದ ಕಣ್ಣು ಬೇಕು. ಮಳೆ ತಾಗದಂತೆ ಕೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವುದಂತೂ ದೋಟಿಯಿಂದ ಸಾಧ್ಯವೇ ಇಲ್ಲ. ಎಲೆಚುಕ್ಕೆ ರೋಗ ಹಬ್ಬಿದ ತೋಟದಲ್ಲಿ ಸೋಗೆಗೆ ಔಷಧಿ ಹೊಡೆಯಲು, ರೋಗ ಹತ್ತಿದ ಸೋಗೆ ಕಡಿದು ಕೆಡವಲು ಮಾತ್ರ ಇದಕ್ಕಿಂತ ಒಳ್ಳೆಯ ದಾರಿ ಸದ್ಯಕ್ಕಿಲ್ಲ.

ಕರೆಂಟಿನ ವಿಚಾರಕ್ಕೆ ಬರೋಣ, ಇಲ್ಲಿ ರಾಜಿ ಇಲ್ಲ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಬಿದಿರಿನ ಅಭ್ಯಾಸದಲ್ಲಿ ಲೈನಿನ ಪಕ್ಕ ದೋಟಿ ಎತ್ತಿದರೆ ಜೀವವೇ ಹೋಗುತ್ತದೆ. ಬುಡದ ಕೊಳವೆ ಗ್ಲಾಸ್ ಫೈಬರಿನದು, ಹಿಡಿಗೆ ರಬ್ಬರ್ ಇದೆ ಎಂದು ಮಾರುವವರು ಹೇಳಿದರೂ ನಂಬಿ ಕೂರಬೇಡಿ. ಒದ್ದೆ ದೋಟಿಗೆ, ಬೋರ್ಡೋ ತುಂಬಿದ ಪೈಪಿಗೆ ಆ ರಕ್ಷಣೆ ಸಾಲದು. ಲೆಕ್ಕ ಇಷ್ಟೇ: ದೋಟಿ ಪೂರ್ತಿ ಉದ್ದಕ್ಕೆ ಲೈನಿನ ಕಡೆಗೇ ಬಿದ್ದರೂ ತಂತಿಗೆ ತಾಗಬಾರದು, ಅದರ ಮೇಲೆ ಇನ್ನೂ ಹತ್ತು ಹದಿನೈದು ಅಡಿ ಜಾಗ ಉಳಿಯಬೇಕು. ಅಷ್ಟು ದೂರ ಸಿಗದ ಸಾಲುಗಳಿಗೆ ಮೆಸ್ಕಾಂ ಶಾಖಾ ಕಚೇರಿಗೆ ಅರ್ಜಿ ಕೊಟ್ಟು ಲೈನ್ ಬಂದ್ ಮಾಡಿಸಿ. ಬಂದ್ ಆಗಿದೆ ಎಂದು ಲೈನ್‌ಮ್ಯಾನ್ ಬಾಯಿಂದಲೇ ಕೇಳದೆ ದೋಟಿ ಎತ್ತಬೇಡಿ, ಮನೆಯಲ್ಲಿ ಕರೆಂಟು ಹೋಗಿದೆ ಎಂಬುದು ಪುರಾವೆಯಾಗುವುದಿಲ್ಲ. ಯಾವ ಸಾಲಿನ ಮೇಲೆ ತಂತಿ ಹಾದಿದೆ ಎಂದು ಗೊತ್ತಿರುವುದು ತೋಟದವರಿಗೆ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ತೋಟ ಸುತ್ತಿಸಿ ತೋರಿಸುವುದು ಅವರ ಕರ್ತವ್ಯ.

ಈಗ ದುಡ್ಡು. ಉದ್ದ, ಗುಣಮಟ್ಟದ ಮೇಲೆ ಬೆಲೆ ಏರಿಳಿಯುತ್ತದೆ, ಲೆಕ್ಕಕ್ಕೆ ₹80,000 ಎಂದಿಟ್ಟುಕೊಳ್ಳಿ, ಬಾಳಿಕೆ ಐದು ವರ್ಷ ಎನ್ನಿ. ವರ್ಷಕ್ಕೆ ₹16,000 ಸವಕಳಿ. 9 ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 540 ಮರ. ಒಂದು ಎಕರೆಯವರಿಗೆ ಮರಕ್ಕೆ ವರ್ಷಕ್ಕೆ ₹30 ಬೀಳುತ್ತದೆ, ಹತ್ತು ಎಕರೆಯವರಿಗೆ ₹3. ಅರ್ಧ ಸಬ್ಸಿಡಿ ಬಂದರೂ ಇದು ₹15 ಮತ್ತು ₹1.50 ಆಗುತ್ತದೆ, ಹತ್ತು ಪಟ್ಟಿನ ಅಂತರ ಹಾಗೆಯೇ ನಿಲ್ಲುತ್ತದೆ. ಎರಡು ಎಕರೆಗಿಂತ ಕಡಿಮೆ ಇರುವವರು ಒಂಟಿಯಾಗಿ ಕೊಳ್ಳುವುದು ಬೇಡ ಎಂಬುದು ಸ್ಪಷ್ಟ ಸಲಹೆ.

ಸಬ್ಸಿಡಿಯ ಕಥೆ ಕೇಳಿ. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ 2014–15ರಲ್ಲಿ ಶುರುವಾಯಿತು. ಅದರ ಸಾಮಾನ್ಯ ಸೂತ್ರದಲ್ಲಿ ಸಣ್ಣ ಮತ್ತು ಅತಿ ಸಣ್ಣ ರೈತರು, ಮಹಿಳೆಯರು, ಪರಿಶಿಷ್ಟರಿಗೆ ಶೇ. 50, ಉಳಿದ ರೈತರಿಗೆ ಶೇ. 40, ಪ್ರತಿ ಉಪಕರಣಕ್ಕೂ ಒಂದು ಮಿತಿ. ಆ ವರ್ಷದ ಪಟ್ಟಿಯಲ್ಲಿ ದೋಟಿ ಇದೆಯೇ, ಯಾವ ಕಂಪನಿಯದಕ್ಕೆ ಮಂಜೂರಾತಿ ಇದೆ ಎಂದು ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಮಂಜೂರಾತಿಗೆ ಮುಂಚೆ ಕೊಂಡ ದೋಟಿಗೆ ಹಣ ಬರುತ್ತದೆಂದು ನಂಬಬೇಡಿ. ಫ್ರೂಟ್ಸ್ ಸಂಖ್ಯೆ (ರೈತರ ನೋಂದಣಿ ಸಂಖ್ಯೆ), ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಸಿದ್ಧವಿರಲಿ.

ಆ ಪಟ್ಟಿಯಲ್ಲಿ ಪಹಣಿ ಎಂಬ ಮೂರಕ್ಷರ ಇದೆಯಲ್ಲ, ಅನ್ಯಾಯ ಅಲ್ಲಿದೆ. ದೋಟಿ ಎತ್ತುವ ಹೆಚ್ಚಿನವರಿಗೆ ಜಮೀನಿಲ್ಲ. ಇದ್ದರೂ ಬಗರ್‌ಹುಕುಂ, ಅಂದರೆ ಹಕ್ಕುಪತ್ರವಿಲ್ಲದೆ ಸರ್ಕಾರಿ ಜಾಗದಲ್ಲಿ ಮಾಡಿದ ಸಾಗುವಳಿ. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿ ಎದ್ದು ಬಂದ ಶರಾವತಿ ಸಂತ್ರಸ್ತರ ಎಷ್ಟೋ ಮನೆಗಳಿಗೆ ಇಂದಿಗೂ ಹಕ್ಕುಪತ್ರವಿಲ್ಲ. ಅವರ ಹೆಸರಿಗೆ ಪಹಣಿ ಇಲ್ಲದ ಮೇಲೆ ಉಪಕರಣದ ಸಬ್ಸಿಡಿಯ ಬಾಗಿಲು ತೆರೆಯುವುದಿಲ್ಲ. ಹೊಲಿಗೆಯವರಿಗೆ ಹೊಲಿಗೆ ಯಂತ್ರ ಕೊಡುವಾಗ ಸರ್ಕಾರ ಬಟ್ಟೆ ಅಂಗಡಿ ಇದೆಯಾ ಎಂದು ಕೇಳುವುದಿಲ್ಲ. ದೋಟಿ ಹಿಡಿಯುವವರನ್ನು ಮಾತ್ರ ತೋಟ ಇದೆಯಾ ಎಂದು ಯಾಕೆ ಕೇಳಬೇಕು? ಕೈಕಸುಬಿನ ಪುರಾವೆಯಾಗಿ ಗ್ರಾಮ ಪಂಚಾಯಿತಿಯ ದೃಢೀಕರಣ ಸಾಕು ಎಂದು ಒಂದು ತಿದ್ದುಪಡಿ ಬಂದರೆ ಈ ಉಪಕರಣದ ಮಾಲೀಕತ್ವವೇ ಬದಲಾಗುತ್ತದೆ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳ ಶುರುವಾಗಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಇವತ್ತು ಸಬ್ಸಿಡಿ ಅಳೆಯುವ ಕೊಳಗ ಪಹಣಿ.

ಸದ್ಯ ಇರುವ ದಾರಿ ಗುಂಪಿನದು. ಇದೇ ಅಭಿಯಾನದಲ್ಲಿ ರೈತ ಉತ್ಪಾದಕ ಸಂಸ್ಥೆ, ಸಹಕಾರ ಸಂಘ, ಸ್ವಸಹಾಯ ಗುಂಪುಗಳು ಯಂತ್ರಗಳ ಬಾಡಿಗೆ ಕೇಂದ್ರ ಮಾಡಲು ನೆರವಿದೆ. ಊರಿನ ಕೃಷಿ ಪತ್ತಿನ ಸಹಕಾರ ಸಂಘ ಎರಡು ದೋಟಿ, ಔಷಧಿ ಹೊಡೆಯುವ ಒಂದು ಎಚ್‌ಟಿಪಿ ಪಂಪು ಇಟ್ಟರೆ ಒಂದು ಎಕರೆಯ ಇಪ್ಪತ್ತು ಮನೆಗೂ ದೋಟಿಯ ಮಟ್ಟಿಗೆ ಮರಕ್ಕೆ ಆ ₹3ರ ಲೆಕ್ಕವೇ ಸಿಗುತ್ತದೆ. ಆದರೆ ಮೊದಲ ಸರದಿ ಯಾರಿಗೆ ಎಂಬುದು ಪುಸ್ತಕದಲ್ಲಿರಬೇಕು. ಜೂನ್ ತಿಂಗಳಲ್ಲಿ ನಾಲ್ಕು ದಿನ ಬಿಸಿಲು ಕೊಟ್ಟಾಗ ದೋಟಿ ನಿರ್ದೇಶಕರ ತೋಟದಲ್ಲೇ ಉಳಿದರೆ ಸಣ್ಣವರ ಅಡಿಕೆ ಕೊಳೆಗೆ ಹೋಗುತ್ತದೆ.

ಕೂಲಿ ಮಾತಾಡುವಾಗ ದೋಟಿಯ ಪಾಲನ್ನೂ ಆಳಿನ ಪಾಲನ್ನೂ ಬೇರೆ ಇಡಿ. ದೋಟಿ ಎತ್ತುವವರದ್ದೇ ಆಗಿದ್ದು ವರ್ಷಕ್ಕೆ 100 ದಿನ ಕೆಲಸ ಸಿಕ್ಕಿತು ಎನ್ನಿ. ₹80,000ವನ್ನು ಐದು ವರ್ಷದ 500 ದಿನಕ್ಕೆ ಹಂಚಿದರೆ ದಿನಕ್ಕೆ ₹160 ಬರೀ ಸವಕಳಿ. ಸಾಲದ ಬಡ್ಡಿ, ಕ್ಲಾಂಪ್, ಒಡೆದ ಕೊಳವೆ ಇದರ ಮೇಲೆ. ಇದನ್ನು ಬೇರೆ ಕೊಡದೆ "ದಿನಕ್ಕಿಷ್ಟು" ಎಂದು ಒಟ್ಟು ಮಾತಾಡಿದರೆ ಅವರು ತಮ್ಮ ಕೂಲಿಯಿಂದಲೇ ತೋಟದವರಿಗೆ ಉಪಕರಣ ಬಾಡಿಗೆ ಕೊಟ್ಟಂತೆ. ದೋಟಿ ತೋಟದವರದ್ದಾದರೆ ಒಡೆದ ಕೊಳವೆಯ ದುಡ್ಡನ್ನು ಕೂಲಿಯಿಂದ ಹಿಡಿಯಬಾರದು. ಮಳೆ ಬಂದು ಅರ್ಧಕ್ಕೆ ನಿಂತ ದಿನಕ್ಕೆ ಎಷ್ಟು ಎಂಬುದೂ ಮೊದಲೇ ತೀರ್ಮಾನವಾಗಲಿ. ಮಲೆನಾಡಿನಲ್ಲಿ ಅಂಥ ದಿನಗಳೇ ಹೆಚ್ಚು.

ಇನ್ನೊಂದು ಕೆಲಸ ಮೇ ಮುಗಿಯುವುದರೊಳಗೆ ಆಗಬೇಕು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ 18ರಿಂದ 70 ವರ್ಷದ, ಬ್ಯಾಂಕ್ ಖಾತೆ ಇರುವ ಯಾರು ಬೇಕಾದರೂ ಸೇರಬಹುದು. ವರ್ಷಕ್ಕೆ ₹20, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ ₹2 ಲಕ್ಷ. ದೊಡ್ಡ ಮೊತ್ತವೇನಲ್ಲ, ಆದರೆ ಪಹಣಿ ಕೇಳದ ಯೋಜನೆ ಇದು. ವಿಮೆಯ ವರ್ಷ ಜೂನ್ 1ರಿಂದ ಮೇ 31. ಮೇ ಕೊನೆಯಲ್ಲಿ ಕಂತು ಕಡಿಯುವಾಗ ಖಾತೆಯಲ್ಲಿ ಹಣವಿಲ್ಲದಿದ್ದರೆ ವಿಮೆ ನಿಲ್ಲುತ್ತದೆ, ದೋಟಿ ಕೆಲಸ ಶುರುವಾಗುವುದೂ ಅದೇ ವಾರದಲ್ಲಿ. ಮುಂಗಡ ಕೊಡುವ ದಿನವೇ ತೋಟದವರು ದೋಟಿಯವರ ಪಾಸ್‌ಬುಕ್ ನೋಡಿ, ಕಂತು ಹೋಗಿದೆಯೇ, ನಾಮಿನಿ ಹೆಸರು ಸರಿಯಿದೆಯೇ ಎಂದು ಕೇಳಿ, ಹೋಗಿಲ್ಲದಿದ್ದರೆ ಆ ₹20 ತಾವೇ ಕಟ್ಟಿಸಲಿ.