ಬ್ರಷ್ ಸ್ಕ್ರಿಪ್ಟ್ ಫಾಂಟ್: ಹನ್ನೊಂದು ವರ್ಷ ದುಡಿಸಿಕೊಂಡ ಮೇಲೆ

ಲಗ್ನಪತ್ರಿಕೆ, ಬೋರ್ಡು, ಗಾಜಿನ ಸ್ಟಿಕ್ಕರ್ ಮಾಡಿಕೊಡುವ ಅಂಗಡಿ ನನ್ನದು. ಮೈಕ್ರೋಸಾಫ್ಟ್ ಆಫೀಸ್ ಜೊತೆಯಲ್ಲೇ ಬಂದ ‘ಬ್ರಷ್ ಸ್ಕ್ರಿಪ್ಟ್’ ಹನ್ನೊಂದು ವರ್ಷಗಳಿಂದ ನನ್ನ ಅನ್ನಕ್ಕೆ ಆಗುತ್ತಿದೆ. ಗಿರಾಕಿಗಳಿಗೆ ಹೆಸರು ಗೊತ್ತಿಲ್ಲ. ‘ಕುಂಚದಲ್ಲಿ ಬರೆದ ಹಾಗಿರುತ್ತದಲ್ಲ, ಅದು’ ಎಂದು ಕೇಳುತ್ತಾರೆ.

1942ರಲ್ಲಿ ಅಮೆರಿಕನ್ ಟೈಪ್ ಫೌಂಡರ್ಸ್ ಎಂಬ ಅಚ್ಚುಮೊಳೆ ಕಂಪನಿಗಾಗಿ ರಾಬರ್ಟ್ ಇ. ಸ್ಮಿತ್ ರೂಪಿಸಿದ ಅಕ್ಷರಗಳಿವು. ಪ್ರತಿ ಅಕ್ಷರವೂ ಬಿಡಿ ಅಚ್ಚುಮೊಳೆಯಾಗಿದ್ದ ಕಾಲದಲ್ಲಿ ಒಂದರ ಬಾಲ ಇನ್ನೊಂದರ ಹೆಗಲಿಗೆ ಸರಿಯಾಗಿ ತಾಗುವಂತೆ ಮಾಡಿದ್ದಾನಲ್ಲ, ಆ ಜಾಣ್ಮೆಗೆ ಈಗಲೂ ತಲೆದೂಗುತ್ತೇನೆ.

ಆದರೆ ಇಂಗ್ಲಿಷಿನಲ್ಲಿ ‘ಕಾಫಿ’ ಎಂದು ಹೊಡೆದು ನೋಡಿ. ಎರಡು ಎಫ್, ಎರಡು ಇ, ಅವಳಿ ಜವಳಿ! ಮನುಷ್ಯನ ಕೈ ಎರಡನೆಯ ಎಫ್ ಅನ್ನು ಮೊದಲಿನದರಂತೆಯೇ ಎಳೆಯುವುದಿಲ್ಲ. ಗುಟ್ಟು ಅಲ್ಲೇ ರಟ್ಟಾಗುತ್ತದೆ. ನಾನು ಕೋರೆಲ್‌ಡ್ರಾ ಎಂಬ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಪದವನ್ನು ಕರ್ವ್ಸ್‌ಗೆ, ಅಂದರೆ ಬೇಕಾದಂತೆ ತಿದ್ದಬಹುದಾದ ಗೆರೆಗಳಿಗೆ ಬದಲಾಯಿಸಿ, ಎರಡನೆಯದರ ಬಾಲವನ್ನು ಕೂದಲೆಳೆಯಷ್ಟು ಎಳೆದುಬಿಡುತ್ತೇನೆ. ಐದು ನಿಮಿಷದ ಕೆಲಸ, ಬೋರ್ಡಿಗೆ ಜೀವ ಬರುತ್ತದೆ.

ಸ್ಟಿಕ್ಕರ್ ಕತ್ತರಿಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಪರದೆಯಲ್ಲಿ ಕೂಡಿಕೊಂಡಂತೆ ಕಾಣುವ ಅಕ್ಷರಗಳು ನಿಜವಾಗಿ ಒಂದರ ಮೇಲೊಂದು ಏರಿ ಕುಳಿತಿರುತ್ತವೆ. ವೆಲ್ಡ್ ಮಾಡದೆ, ಅಂದರೆ ಬೆಸೆದು ಒಂದೇ ಆಕಾರ ಮಾಡದೆ, ಸ್ಟಿಕ್ಕರ್ ಕತ್ತರಿಸುವ ಯಂತ್ರವಾದ ಪ್ಲಾಟರ್‌ಗೆ ಕಳಿಸಿದರೆ ಬ್ಲೇಡು ಪ್ರತಿ ಸಂದಿಯಲ್ಲೂ ಅಡ್ಡ ಗೀರು ಎಳೆಯುತ್ತದೆ. ಮೊದಲ ವರ್ಷ ಒಂದು ಬೇಕರಿಯ ಗಾಜಿಗೆ ಹಾಗೆಯೇ ಅಂಟಿಸಿ ಬಂದಿದ್ದೆ. ವಾರ ಕಳೆಯುವಷ್ಟರಲ್ಲಿ ಸಂದಿಸಂದಿಯಲ್ಲಿ ಚೂರುಗಳು ಎದ್ದು, ಬೇಕರಿಯ ಹೆಸರೇ ಬಿಸ್ಕತ್ತಿನಂತೆ ಉದುರತೊಡಗಿತ್ತು. ತಪ್ಪು ನನ್ನದು, ಪುಕ್ಕಟೆಯಾಗಿ ಮತ್ತೆ ಮಾಡಿಕೊಟ್ಟೆ.

ಎಲ್ಲವನ್ನೂ ಕ್ಯಾಪಿಟಲ್‌ನಲ್ಲಿ ಹಾಕಿ ಎನ್ನುವವರಿಗೆ ಸಾಫ್ ಇಲ್ಲ ಎನ್ನುತ್ತೇನೆ. ದೊಡ್ಡಕ್ಷರಗಳು ಒಂದಕ್ಕೊಂದು ಕೂಡುವುದೇ ಇಲ್ಲ, ಜಗಳವಾಡಿದ ಬೀಗರಂತೆ ಮುಖ ತಿರುಗಿಸಿ ನಿಲ್ಲುತ್ತವೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದರೂ ಕೊಂಡಿ ಕಳಚುತ್ತದೆ. ಬೋಲ್ಡ್ ಒತ್ತಿದರೆ ಬರುವುದು ದಪ್ಪ ಕುಂಚವಲ್ಲ, ಬರೀ ಊತ. ವಿಳಾಸ, ಫೋನ್ ನಂಬರಿನಂಥ ಸಣ್ಣ ಬರಹಕ್ಕಂತೂ ಬೇಡವೇ ಬೇಡ. ಬೆಲೆಪಟ್ಟಿಗೂ ಅಷ್ಟೆ: ನನ್ನಲ್ಲಿರುವ ಆವೃತ್ತಿಯಲ್ಲಿ ₹ ಇಲ್ಲ, ಬೇರೆ ಫಾಂಟಿನಿಂದ ಎರವಲು ಬಂದ ಚಿಹ್ನೆ ವಾಲಿದ ಅಂಕಿಗಳ ಪಕ್ಕದಲ್ಲಿ ಕಂಬದಂತೆ ನೆಟ್ಟಗೆ ನಿಲ್ಲುತ್ತದೆ.

ಒಂದು ಪದ, ಹೆಚ್ಚೆಂದರೆ ಎರಡು, ಅಂಗೈಯಗಲದ ಅಕ್ಷರ: ಅಲ್ಲಿ ಇದರ ಓಟ ನೋಡಬೇಕು.

ಕನ್ನಡ ಇದರಲ್ಲಿಲ್ಲ. ಕನ್ನಡ ಹೊಡೆದರೆ ಕಂಪ್ಯೂಟರ್ ಸದ್ದಿಲ್ಲದೆ ನಿರ್ಮಲಾ ಯುಐ ಎಂಬ ಬೇರೆ ಫಾಂಟಿಗೆ ಜಾರುತ್ತದೆ. ಹಾಗಾಗಿ ಜೋಡಿ ಬೋರ್ಡಿನ ಕನ್ನಡದ ಸಾಲನ್ನು ನಮ್ಮೂರಿನ ಹಳೆಯ ಪೇಂಟರ್ ಒಬ್ಬರಿಂದ ಕಾಗದದ ಮೇಲೆ ಬರೆಸಿ ಸ್ಕ್ಯಾನ್ ಮಾಡಿಕೊಳ್ಳುತ್ತೇನೆ. ಅವರು ಬರೆದ ಎರಡು ತಲೆಕಟ್ಟುಗಳು ಇದುವರೆಗೆ ಒಂದೇ ಥರ ಬಂದದ್ದಿಲ್ಲ.