ದಿಲ್ವಾರಾನಾ, ರಾಣಕಪುರಾನಾ?

ಎರಡೂ ರಾಜಸ್ಥಾನದಲ್ಲಿವೆ, ಎರಡೂ ಅಮೃತಶಿಲೆಯ ಜೈನ ದೇವಾಲಯಗಳು. ಒಂದು ನೋಡಿದರೆ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಎರಡನ್ನೂ ನೋಡಿ ಬಂದವಳಾಗಿ ಹೇಳುತ್ತೇನೆ, ಸಾಲದು. ಕಲ್ಲು ಒಂದೇ ಜಾತಿ, ಕೆಲಸ ಪೂರ್ತಿ ಬೇರೆ.

ಮೌಂಟ್ ಅಬುವಿನ ದಿಲ್ವಾರಾ ಹೊರಗಿನಿಂದ ಏನೂ ಅನ್ನಿಸುವುದಿಲ್ಲ. ಸಾದಾ ಬಿಳಿ ಗೋಡೆ, ಅಷ್ಟೇ. ಒಳಗೆ ಐದು ಗುಡಿಗಳಿವೆ. ಅವುಗಳಲ್ಲಿ ಎರಡಕ್ಕೆ ಸಮಯ ಇಟ್ಟುಕೊಳ್ಳಿ. ಗುಜರಾತಿನ ಸೋಲಂಕಿ ರಾಜ ಒಂದನೇ ಭೀಮನ ಮಂತ್ರಿ ವಿಮಲ ಶಾ 1031ರಲ್ಲಿ ಕಟ್ಟಿಸಿದ ವಿಮಲ ವಸಹಿ (ವಸಹಿ ಅಂದರೆ ಬಸದಿ) ಮೊದಲ ತೀರ್ಥಂಕರ ಆದಿನಾಥನದು. ಸುಮಾರು 200 ವರ್ಷದ ನಂತರ, 1230ರಲ್ಲಿ, ವಸ್ತುಪಾಲ ಮತ್ತು ತೇಜಪಾಲ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ಲೂಣ ವಸಹಿ ನೇಮಿನಾಥನದು.

ನನ್ನ ಮನಸ್ಸು ನಿಂತಿದ್ದು ಲೂಣ ವಸಹಿಯಲ್ಲಿ. ರಂಗಮಂಟಪದ ನಡುವೆ ನಿಂತು ತಲೆ ಎತ್ತಿ. ಗುಮ್ಮಟದ ಮಧ್ಯದಿಂದ ಕಲ್ಲಿನ ಕಮಲವೊಂದು ಕೆಳಕ್ಕೆ ಇಳಿಬಿದ್ದಿದೆ. ದಳಗಳ ಅಂಚು ಎಷ್ಟು ತೆಳು ಅಂದರೆ, ಬೆಳಕು ಅದರೊಳಗೆ ಸೇರಿಕೊಂಡ ಹಾಗೆ ಕಾಣುತ್ತದೆ. ಸುತ್ತಲೂ ಸಾಲುಸಾಲಾಗಿ ಸಣ್ಣ ಮೂರ್ತಿಗಳು. ಶಿಲ್ಪಿಗಳು ಕಲ್ಲನ್ನು ಉಜ್ಜಿ ಉಜ್ಜಿ ಸವೆಸಿದರು, ಉದುರಿದ ಪುಡಿಯನ್ನು ತೂಗಿ ಕೂಲಿ ಕೊಟ್ಟರು ಅಂತ ಅಲ್ಲಿ ಕತೆ ಹೇಳುತ್ತಾರೆ. ಆ ದಳ ನೋಡಿದ ಮೇಲೆ ನಂಬದೇ ಇರುವುದು ಕಷ್ಟ. ಅಲ್ಲೇ ಒಳಬಾಗಿಲಿನ ಎರಡು ಬದಿಗೆ ಎರಡು ಗೂಡುಗಳಿವೆ. ಆ ಅಣ್ಣತಮ್ಮಂದಿರ ಹೆಂಡತಿಯರ, ಅಂದರೆ ಓರಗಿತ್ತಿಯರಿಬ್ಬರ, ಪೈಪೋಟಿಯಲ್ಲಿ ಎದ್ದವಂತೆ. ಎರಡನ್ನೂ ಹತ್ತಿರದಿಂದ ನೋಡಿ, ಯಾರು ಗೆದ್ದರು ಅಂತ ಹೇಳಲಾಗದು.

ಒಳಗೆ ಫೋಟೋ ತೆಗೆಯುವಂತಿಲ್ಲ. ನನಗೆ ಅದು ಇಷ್ಟವಾಯಿತು, ಎಲ್ಲರೂ ಕಣ್ಣಲ್ಲೇ ನೋಡುತ್ತಾರೆ. ಆದರೆ ಜಾಗ ಚಿಕ್ಕದು, ಜನ ಜಾಸ್ತಿ. ಒಂದು ಛಾವಣಿಯ ಕೆಳಗೆ ನೆಮ್ಮದಿಯಾಗಿ ನಿಲ್ಲುವಷ್ಟರಲ್ಲಿ ಹಿಂದಿನಿಂದ ಇನ್ನೊಂದು ಗುಂಪು ಬಂದಿರುತ್ತದೆ.

ರಾಣಕಪುರದಲ್ಲಿ ಆ ಒತ್ತಡವೇ ಇಲ್ಲ. ಅರಾವಳಿಯ ಕಣಿವೆಯಲ್ಲಿ, ಎತ್ತರದ ಜಗತಿಯ ಮೇಲೆ, ದೂರದಿಂದಲೇ ಕಾಣುವ ದೊಡ್ಡ ದೇವಾಲಯ. ಮೇವಾಡದ ರಾಜ ರಾಣಾ ಕುಂಭನ ಕಾಲದಲ್ಲಿ ಧರಣಾ ಶಾ ಕಟ್ಟಿಸಿದ್ದು. ಶಿಲ್ಪಿ ದೇಪಾಕನ ಹೆಸರು 1439ರ ಶಾಸನದಲ್ಲಿದೆ. ನಮ್ಮ ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು, ಹೆಚ್ಚುಕಮ್ಮಿ ಒಂದೇ ಕಾಲ. ಇಲ್ಲಿ ಕಂಬಗಳು 1444 ಅನ್ನುತ್ತಾರೆ, ಒಂದರ ಕೆತ್ತನೆ ಇನ್ನೊಂದಕ್ಕಿಲ್ಲ. ಇದು ಜೈನರ ಶ್ವೇತಾಂಬರ ಪಂಥದ ದೇವಾಲಯ, ಮೂರ್ತಿಗಳಿಗೆ ಹೊಳೆಯುವ ಕಣ್ಣು ಜೋಡಿಸಿರುತ್ತಾರೆ. ನಮ್ಮ ಕಡೆಯ ದಿಗಂಬರ ಬಸದಿಗಳನ್ನು ನೋಡಿ ಬೆಳೆದವರಿಗೆ ಆ ದಿಟ್ಟ ನೋಟ ಮೊದಲಿಗೆ ಹೊಸದು ಅನ್ನಿಸುತ್ತದೆ.

ಗರ್ಭಗುಡಿಯಲ್ಲಿ ಆದಿನಾಥ ನಾಲ್ಕು ದಿಕ್ಕಿಗೂ ಮುಖ ಮಾಡಿ ಕೂತಿದ್ದಾನೆ. ಹಾಗಾಗಿ ಬಾಗಿಲೂ ನಾಲ್ಕು, ಬೆಳಕು ನಾಲ್ಕೂ ಕಡೆಯಿಂದ ಬರುತ್ತದೆ. ನಡುನಡುವೆ ತೆರೆದ ಅಂಗಳಗಳು ಬೇರೆ. ಮಧ್ಯಾಹ್ನ ಬೆಳ್ಳಗಿದ್ದ ಕಂಬ ಹೊತ್ತು ಇಳಿದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದನ್ನು ನೋಡಲು ಒಂದು ಕಡೆ ಕೂತರೆ ಸಾಕು. ಕೆತ್ತನೆಯಲ್ಲಿ ತಪ್ಪಿಸಬಾರದ್ದು ಪಾರ್ಶ್ವನಾಥನ ಫಲಕ. ತಲೆಯ ಮೇಲೆ ಹೆಡೆಗಳು, ಸುತ್ತ ಒಂದಕ್ಕೊಂದು ಹೆಣೆದುಕೊಂಡ ಹಾವುಗಳು. ಒಂದು ಬಾಲ ಹಿಡಿದು ಕಣ್ಣಲ್ಲೇ ಹಿಂಬಾಲಿಸಿ, ಎಲ್ಲೋ ನಡುವೆ ಕಳೆದುಹೋಗುತ್ತದೆ.

ಬರೀ ಉಳಿಯ ಕೆಲಸ ನೋಡುವುದಾದರೆ ದಿಲ್ವಾರಾ ಮುಂದೆ, ನನಗೆ ಅನುಮಾನವಿಲ್ಲ. ಆದರೆ ಒಂದು ಮಧ್ಯಾಹ್ನ ಪೂರ್ತಿ ಕಳೆಯಲು ನಾನು ರಾಣಕಪುರವನ್ನೇ ಆರಿಸುತ್ತೇನೆ. ಉದಯಪುರದಲ್ಲಿ ಉಳಿದು ಒಂದೇ ದಿನ ಸಿಗುವವರಿಗೂ ಅದೇ ಸರಿ, ರಸ್ತೆಯಲ್ಲಿ ಸುಮಾರು 90 ಕಿಲೋಮೀಟರ್.

ಎರಡಕ್ಕೂ ಹೋಗುವವರು ರಾಣಕಪುರವನ್ನು ಮೊದಲು ನೋಡಿ. ದಿಲ್ವಾರಾದ ಆ ಕಮಲ ಕಂಡ ಕಣ್ಣಿಗೆ ಆಮೇಲೆ ಬೇರೆ ಕೆತ್ತನೆ ಸ್ವಲ್ಪ ಒರಟಾಗಿ ಕಾಣುತ್ತದೆ. ಎರಡೂ ಕಡೆ ಬೆಳಿಗ್ಗೆ ಪೂಜೆ, ಪ್ರವಾಸಿಗರಿಗೆ ಪ್ರವೇಶ ಮಧ್ಯಾಹ್ನ 12ರ ನಂತರ. ಹಾಗಾಗಿ ಒಂದೇ ದಿನಕ್ಕೆ ಎರಡನ್ನೂ ತುರುಕಬೇಡಿ. ಚರ್ಮದ ಬೆಲ್ಟು, ಪರ್ಸು ರೂಮಿನಲ್ಲೇ ಬಿಟ್ಟು ಹೊರಡಿ.